ಓದದೆ ಕೊಟ್ಟ ಉತ್ತರ

ಅವನಿಗೆ ಚಡಪಡಿ ಎಂದು ಹೆಸರಿಟ್ಟವಳು ಅವನ ಅಕ್ಕ. ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಎದ್ದು ಹೋಗಿ ಕಿಟಕಿಯ ಕೊಂಡಿ ಬಿಗಿಮಾಡಿ ಬರುತ್ತಿದ್ದ ಹುಡುಗ ಅವನು. ಐವತ್ತೊಂದು ತುಂಬಿದ ಮೇಲೂ ಹೆಸರೂ ಹೋಗಲಿಲ್ಲ, ಗುಣವೂ ಹೋಗಲಿಲ್ಲ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

ಇಂಥವನಿಗೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಮಾತ್ರ ಅಲುಗಾಡದೆ ಕೂತು ಮಾಡುವ ಕೆಲಸ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ತಿರುಗುವ ಕಲ್ಲಿಗೆ ಲೆನ್ಸ್ ಹಿಡಿದು, ಫ್ರೇಮಿಗೆ ಕೂರುವಷ್ಟೇ ಉಜ್ಜುವುದು. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ಲೆನ್ಸ್ ಲಟಪಟ ಅನ್ನುತ್ತದೆ, ಕಡಿಮೆಯಾದರೆ ಫ್ರೇಮ್ ಸೀಳುತ್ತದೆ. ಇಪ್ಪತ್ತಾರು ವರ್ಷಗಳಿಂದ ಅವನು ಆ ಕಲ್ಲಿನ ಮುಂದೆ ಉಸಿರು ಹಿಡಿದು ಕೂತಿದ್ದ. ದಿನವಿಡೀ ಕಟ್ಟಿಹಾಕಿದ ಚಡಪಡಿಕೆಯನ್ನೆಲ್ಲ ಸಂಜೆ ಮನೆಗೆ ಬಂದು ಗ್ಯಾರೇಜಿನಲ್ಲಿ ಬಿಚ್ಚುತ್ತಿದ್ದ.

ಗ್ಯಾರೇಜ್ ಕಟ್ಟಿಸಿದ್ದು ಕಾರು ನಿಲ್ಲಿಸಲಿಕ್ಕೆ. ಈಗ ಕಾರು ಬೀದಿಯಲ್ಲಿ ಬಿಸಿಲು ಕಾಯುತ್ತಿತ್ತು. ಒಳಗೆ ಒಂದು ಗೋಡೆಗೆ ಸ್ಪ್ಯಾನರುಗಳು ಸೈಜಿನ ಪ್ರಕಾರ ತೂಗುತ್ತಿದ್ದವು. ಇನ್ನೊಂದು ಗೋಡೆಯ ಉದ್ದಕ್ಕೂ ಮುಚ್ಚಳ ಇಲ್ಲದ ಮಿಕ್ಸಿ, ಹೊಟ್ಟೆ ಬಗೆದ ಇಸ್ತ್ರಿಪೆಟ್ಟಿಗೆ, ಯಾರದೋ ಟೇಬಲ್ ಫ್ಯಾನು. ಬೀದಿಯವರ ನಲ್ಲಿ, ಬೀಗ, ಬಲ್ಬು ಎಲ್ಲವೂ ಅವನ ಕೈಯಲ್ಲಿ ಸರಿಹೋಗುತ್ತಿದ್ದವು. ಅವನ ಮನೆಯ ಬಚ್ಚಲಿನ ನಲ್ಲಿ ಮಾತ್ರ ಎರಡು ವರ್ಷದಿಂದ ತೊಟ್ಟಿಕ್ಕುತ್ತಿತ್ತು.

‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ಅವನ ಹೆಂಡತಿ ನಲ್ಲಿಯ ಕೆಳಗೆ ಚೊಂಬಿಡುತ್ತ ಹೇಳುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು.

ಬೀದಿಯ ಉಪಕಾರ ಸಾಲದೆಂಬಂತೆ ಮೂರು ವರ್ಷದ ಹಿಂದೆ ಅವನ ಫೋನಿಗೆ ಒಂದು ಗುಂಪು ಬಂದು ಸೇರಿತು. ಮನೆಯಲ್ಲೇ ಕಾರು ಬಿಚ್ಚಿ ಜೋಡಿಸುವ, ಮಿಕ್ಸಿ ರಿಪೇರಿ ಮಾಡುವ ಹವ್ಯಾಸಿಗಳ ಗುಂಪು. ಕಟ್ಟಿದವರು ಒಬ್ಬ ನಿವೃತ್ತ ಬಸ್ ಡ್ರೈವರ್. ಸುಮಾರು ಮುನ್ನೂರು ಜನ. ಯಾರ ಮುಖವೂ ಯಾರಿಗೂ ಗೊತ್ತಿಲ್ಲ. ಅಡ್ಡಹೆಸರು, ಗಾಡಿಯ ಫೋಟೋ, ಇಷ್ಟೇ ಪರಿಚಯ. ಒಬ್ಬ ‘ಇಂಜಿನ್ ಬೆಳಿಗ್ಗೆ ಕೆಮ್ಮುತ್ತೆ’ ಎಂದು ಬರೆದರೆ ಹತ್ತು ಜನ ಹನ್ನೊಂದು ಮದ್ದು ಹೇಳುತ್ತಿದ್ದರು. ಎಲ್ಲರಿಗಿಂತ ಮೊದಲು ಹೇಳುತ್ತಿದ್ದವನು ಚಡಪಡಿ. ಬಹಳ ಸಲ ಅದು ಸರಿಯೂ ಇರುತ್ತಿತ್ತು. ಹೀಗಾಗಿ ಅಲ್ಲಿ ಅವನ ಹೆಸರು ಡಾಕ್ಟ್ರು ಎಂದಾಯಿತು. ಆ ಹೆಸರು ಅವನಿಗೆ ಎಷ್ಟು ಹಿಡಿಸಿತೆಂದರೆ, ಫೋನು ಒಮ್ಮೆ ಕುಂಯ್ ಅಂದರೆ ಸಾಕು, ಕೈಯಲ್ಲಿ ಏನಿದ್ದರೂ ಕೆಳಗಿಡುತ್ತಿದ್ದ.

‘ರೋಗಿ ಮುಖ ನೋಡದೆ ನಾವು ಒಂದು ಜ್ವರದ ಮಾತ್ರೆ ಕೂಡ ಕೊಡಲ್ಲ ರೀ. ನೀವು ನೋಡಿದ್ರೆ ಕಾಣದ ಗಾಡಿಗೆಲ್ಲ ಔಷಧಿ ಹೇಳ್ತಾ ಕೂತಿದ್ದೀರಲ್ಲ’ ಅಂದಿದ್ದಳು ಹೆಂಡತಿ.

‘ಗಾಡಿ ಮನುಷ್ಯರ ಥರ ಸುಳ್ಳು ಹೇಳಲ್ಲ ಕಣೆ.’

‘ಗಾಡಿ ಹೇಳಲ್ಲ. ಅದರ ಪರವಾಗಿ ಮಾತಾಡೋರು ಹೇಳ್ತಾರೆ. ಇಲ್ಲ, ಕೇಳಿಸ್ಕೊಳ್ಳೋರು ಅರ್ಧ ಕೇಳಿಸ್ಕೊಳ್ತಾರೆ.’

ಅವನು ಆ ಮಾತನ್ನೂ ಅರ್ಧವೇ ಕೇಳಿಸಿಕೊಂಡ.

ಒಂದು ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳ ನೂಕುನುಗ್ಗಲು. ಒಂದು ಲೆನ್ಸ್ ಉಜ್ಜಿ ಮುಗಿದು ಇನ್ನೊಂದು ಕೈಗೆ ಬರುವ ನಡುವೆ ಫೋನು ಕುಂಯ್ ಅಂದಿತು. ಬರೆದಿದ್ದ ವ್ಯಕ್ತಿಯ ಅಡ್ಡಹೆಸರು ಹಳೇನೀಲಿ. ಹೆಸರಿನ ಪಕ್ಕದಲ್ಲಿ, ತಯಾರಿಕೆ ನಿಂತು ಬಹಳ ವರ್ಷವಾದ ಒಂದು ಪುಟ್ಟ ನೀಲಿ ಕಾರಿನ ಫೋಟೋ. ಸಂದೇಶ ಉದ್ದವಾಗಿತ್ತು. ‘ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ನಾನೇ ಬದಲಾಯಿಸಿದೆ, ಈಗ ಪೆಡಲ್ ಮೆತ್ತಗಿದೆ’ ಎಂಬಲ್ಲಿಯವರೆಗೆ ಅವನು ಓದಿದ. ಇದು ಗೊತ್ತಿರುವ ವಿಷಯವೇ. ಹೊಸ ಪ್ಯಾಡ್ ಹಾಕಿದ ಮೇಲೆ ಪೆಡಲನ್ನು ಕೆಲವು ಸಲ ತುಳಿದರೆ ಪ್ಯಾಡು ತನ್ನ ಜಾಗಕ್ಕೆ ಬಂದು ಕೂರುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಒಂದೇ ಕೈಯಲ್ಲಿ ಟೈಪ್ ಮಾಡಿದ:

‘ಹೊಸ ಪ್ಯಾಡಿಗೆ ಹಾಗೇ ಗುರು. ತಳಮುಟ್ಟ ಇಪ್ಪತ್ತು ಸಲ ತುಳಿ, ಗಟ್ಟಿಯಾಗುತ್ತೆ. ಧೈರ್ಯವಾಗಿ ಓಡಿಸು.’

ಹದಿನೆಂಟು ಜನ ಹೆಬ್ಬೆಟ್ಟು ಎತ್ತಿದರು. ಹಳೇನೀಲಿ ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾಯಿತು.

ಶನಿವಾರ ಅಂಗಡಿಗೆ ಅರ್ಧ ದಿನ. ಬೆಳಿಗ್ಗೆ ಗ್ಯಾರೇಜಿನಲ್ಲಿ ಕೂತು ಯಾರಿಗೋ ಹಳೆಯ ಉತ್ತರವೊಂದನ್ನು ತೋರಿಸಲೆಂದು ಗುಂಪನ್ನು ಮೇಲಕ್ಕೆ ಸರಿಸುತ್ತಿದ್ದವನ ಕಣ್ಣಿಗೆ ಹಳೇನೀಲಿಯ ಸಂದೇಶ ಬಿತ್ತು. ಈ ಸಲ ಪೂರ್ತಿ ಬಿತ್ತು. ಕೊನೆಯಲ್ಲಿ ಎರಡು ಸಾಲುಗಳಿದ್ದವು: ‘ನಾಲ್ಕೈದು ಸಲ ತುಳಿದರೆ ಗಟ್ಟಿಯಾಗುತ್ತೆ, ಆದರೆ ಹಾಗೇ ಒತ್ತಿ ಹಿಡಿದರೆ ನಿಧಾನಕ್ಕೆ ಕೆಳಗೆ ಇಳಿಯುತ್ತೆ. ಪ್ಯಾಡ್ ಬದಲಾಯಿಸೋಕೆ ಮುಂಚೆನೂ ಸ್ವಲ್ಪ ಹೀಗೇ ಇತ್ತು. ಶನಿವಾರ ಇಳಿಜಾರಿನ ಕಡೆ ಹೋಗಬೇಕು, ಪರವಾಗಿಲ್ವಾ?’

ಅವನು ಕೂತಲ್ಲಿಂದ ಎದ್ದು ನಿಂತ.

ಒತ್ತಿ ಹಿಡಿದಾಗ ಪೆಡಲ್ ತಾನಾಗಿ ಇಳಿಯುತ್ತದೆ ಎಂದರೆ ಪ್ಯಾಡಿಗೂ ಅದಕ್ಕೂ ಸಂಬಂಧವಿಲ್ಲ. ಬ್ರೇಕಿನ ಎಣ್ಣೆಯನ್ನು ಚಕ್ರಗಳಿಗೆ ದೂಡುವ ಮಾಸ್ಟರ್ ಸಿಲಿಂಡರಿನೊಳಗೆ ರಬ್ಬರು ಸವೆದು, ಎಣ್ಣೆ ಹಿಂದಕ್ಕೆ ಜಾರುತ್ತಿದೆ ಎಂದರ್ಥ. ಅಂಥ ಗಾಡಿಯನ್ನು ಗೇಟಿನಾಚೆ ತರಬಾರದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹಳೆಯ ಸಿಲಿಂಡರಿನ ತಳಭಾಗ ಬಳಕೆಯಿಲ್ಲದೆ ತುಕ್ಕು ಹಿಡಿದು ಒರಟಾಗಿರುತ್ತದೆ. ಪೆಡಲನ್ನು ತಳಮುಟ್ಟ ತುಳಿದರೆ ರಬ್ಬರು ಆ ಒರಟಿನ ಮೇಲೆ ಉಜ್ಜಿ ಉಳಿದ ಜೀವವನ್ನೂ ಬಿಡುತ್ತದೆ. ತಳಮುಟ್ಟ ಇಪ್ಪತ್ತು ಸಲ ತುಳಿ ಎಂದವನು ಅವನೇ.

ಕೂಡಲೇ ಆ ನಂಬರಿಗೆ ಫೋನು ಮಾಡಿದ. ಸ್ವಿಚ್ ಆಫ್. ‘ಗಾಡಿ ತೆಗೀಬೇಡಿ, ನಿಲ್ಲಿಸಿ’ ಎಂದು ಬರೆದ. ಸಂದೇಶ ಹೋಯಿತು, ತಲುಪಿದ ಗುರುತು ಬರಲಿಲ್ಲ. ಮತ್ತೆ ಫೋನು, ಮತ್ತೆ ಸ್ವಿಚ್ ಆಫ್. ಬಸ್ ಡ್ರೈವರಿಗೆ ಫೋನು ಮಾಡಿ ಹಳೇನೀಲಿ ಯಾರು, ಮನೆ ಎಲ್ಲಿ ಎಂದು ಕೇಳಿದ.

‘ನನಗೇನು ಗೊತ್ತು ಡಾಕ್ಟ್ರೇ? ಬರ್ತಾನೆ, ಪ್ರಶ್ನೆ ಕೇಳ್ತಾನೆ, ಹೋಗ್ತಾನೆ. ಯಾಕೆ, ಏನಾಯ್ತು?’

‘ಏನೂ ಇಲ್ಲ’ ಅಂದ ಚಡಪಡಿ. ಆ ಸುಳ್ಳು ನಾಲಗೆಗೆ ಅಂಟಿಕೊಂಡಂತೆ ಉಳಿಯಿತು.

ಅವತ್ತು ಅಂಗಡಿಯಲ್ಲಿ ಅರ್ಧ ದಿನದಲ್ಲಿ ಮೂರು ಲೆನ್ಸ್ ಹಾಳುಮಾಡಿದ. ಇಪ್ಪತ್ತಾರು ವರ್ಷಗಳಲ್ಲಿ ಒಂದೇ ದಿನ ಅಷ್ಟು ಹಾಳಾಗಿರಲಿಲ್ಲ. ಮಾಲೀಕರು ಹಣೆ ಮುಟ್ಟಿ ನೋಡಿ ‘ಜ್ವರ ಏನಾದ್ರೂ?’ ಎಂದು ಕೇಳಿ ಮನೆಗೆ ಕಳಿಸಿದರು. ಅವನು ಮನೆಗೆ ಹೋಗಲಿಲ್ಲ. ನೆಟ್ಟಗೆ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲಿಗೆ ಹೋದ. ಅಂಥ ಕಾರಿಗೆ ಬ್ರೇಕ್ ಪ್ಯಾಡ್ ಎಲ್ಲ ಕಡೆ ಸಿಗುವುದಿಲ್ಲ. ಸಿಕ್ಕರೆ ಇಲ್ಲೇ ಸಿಗಬೇಕು. ಮೊದಲ ಎರಡು ಅಂಗಡಿಯವರು ತಲೆ ಆಡಿಸಿದರು. ಮೂರನೆಯವನು ಮೀಸೆಯಲ್ಲೇ ನಕ್ಕ.

‘ಓ, ಆ ನೀಲಿ ಗಾಡಿನಾ? ಊರಲ್ಲಿ ಈಗ ಅಂಥದ್ದು ಎರಡೋ ಮೂರೋ ಇರಬಹುದು. ಹೋದ ವಾರ ಹೊಲಿಗೆಯಮ್ಮ ಬಂದು ಪ್ಯಾಡ್ ತಗೊಂಡು ಹೋದರು.’

‘ಹೊಲಿಗೆಯಮ್ಮ ಅಂದ್ರೆ? ಗಾಡಿ ಯಾರದ್ದು?’

‘ಅವರದ್ದೇ ಸಾರ್. ರಿಪೇರಿನೂ ಅವರೇ. ಹಳೇ ಪ್ಯಾಡ್ ತಂದು ಹೊಸದರ ಪಕ್ಕ ಇಟ್ಟು, ಟೇಪಲ್ಲಿ ಅಳತೆ ನೋಡಿ ತಗೊಂಡ್ರು. ನೀರಿನ ಟ್ಯಾಂಕ್ ಇದೆಯಲ್ಲ, ಅದರ ಹಿಂದಿನ ಏರುಬೀದಿ. ಸ್ಕೂಲ್ ಯೂನಿಫಾರಂ ಅಂತ ಬೋರ್ಡ್ ಇದೆ ನೋಡಿ.’

ಏರುಬೀದಿ ಎಂದ ಮಾತು ಕೇಳಿದ್ದೇ ಅವನು ತನ್ನ ಗಾಡಿಯ ಕಡೆ ಓಡಿದ. ಹತ್ತುವವರಿಗೆ ಏರು, ಇಳಿಯುವವರಿಗೆ ಇಳಿಜಾರು.

ಬೀದಿಯ ಮೊದಲ ತಿರುವಿನಲ್ಲಿ, ಕಟ್ಟುತ್ತಿದ್ದ ಮನೆಯೊಂದರ ಮುಂದೆ ಮರಳಿನ ರಾಶಿ ಇತ್ತು. ರಾಶಿ ನಡುವೆ ಸೀಳಿ ಎರಡು ಭಾಗವಾಗಿತ್ತು. ರಸ್ತೆಯ ಮೇಲೆಲ್ಲ ಮರಳು, ಅದರ ನಡುವೆ ಒಡೆದ ಹೆಡ್‌ಲೈಟಿನ ಗಾಜು. ಚಡಪಡಿ ಗಾಡಿಯಿಂದ ಇಳಿದು ಆ ಗಾಜನ್ನು ಬೆರಳಲ್ಲಿ ಎತ್ತಿ ಹಿಡಿದ. ಗಾರೆ ಕೆಲಸದವಳೊಬ್ಬಳು ಮರಳನ್ನು ಮತ್ತೆ ರಾಶಿಗೆ ಎಳೆಯುತ್ತಿದ್ದಳು.

‘ಯಾರಿಗೆ ಏನಾಯ್ತಮ್ಮ?’

‘ಬೆಳಿಗ್ಗೆ ಆ ಹೊಲಿಗೆಯಮ್ಮನ ಗಾಡಿ ಬ್ರೇಕ್ ಹಿಡೀಲಿಲ್ಲ ಅಣ್ಣ. ಕೆಳಗೆ ರಸ್ತೆ ತುಂಬ ಜನ. ಆಯಮ್ಮ ಗಟ್ಟಿ ಹೆಂಗಸು, ಬೇಕು ಅಂತಲೇ ತಂದು ಮರಳಿಗೆ ಗುದ್ದಿಸಿದ್ರು. ಕೈ ಮುರೀತು ಅಂದ್ರಪ್ಪ. ಜೀವ ಉಳೀತಲ್ಲ, ಅಷ್ಟು ಸಾಕು.’

ಮನೆ ಬೀದಿಯ ತಲೆಯಲ್ಲಿತ್ತು. ನೀಲಿ ಕಾರನ್ನು ಯಾರೋ ತಳ್ಳಿ ತಂದು ಗೇಟಿನ ಪಕ್ಕ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟಿದ್ದರು. ಮೂತಿ ಒಂದು ಕಡೆ ಒಳಕ್ಕೆ ಹೋಗಿತ್ತು. ಬಾಗಿಲು ತೆರೆದಿತ್ತು. ಒಳಗೆ ಎರಡು ಹೊಲಿಗೆ ಯಂತ್ರ, ಗೋಡೆಯುದ್ದದ ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆಯ ಥಾನುಗಳು. ಐವತ್ತೆಂಟರ ಆಸುಪಾಸಿನ ಹೆಂಗಸು ಬಲಗೈಗೆ ಮೊಣಕೈವರೆಗೆ ಹೊಸ ಪ್ಲಾಸ್ಟರ್ ಹಾಕಿಸಿಕೊಂಡು, ಎಡಗೈಯಲ್ಲಿ ಕತ್ತರಿ ಹಿಡಿಯಲು ನೋಡುತ್ತಿದ್ದಳು. ಕತ್ತರಿ ಬಟ್ಟೆಯನ್ನು ಕತ್ತರಿಸುವ ಬದಲು ಅಗಿಯುತ್ತಿತ್ತು.

‘ಮರಳಿನವರಾ?’ ಅಂದಳು ತಲೆ ಎತ್ತದೆ. ‘ಚೆಲ್ಲಿದ್ದನ್ನೆಲ್ಲ ಒಟ್ಟು ಮಾಡಿಸ್ತೀನಿ ಅಂತ ಹೇಳಿದ್ದೀನಲ್ಲಪ್ಪ.’

‘ಅಲ್ಲ… ನಾನು ಗುಂಪಿನವನು. ಡಾಕ್ಟ್ರು ಅಂತ ಕರೀತಾರಲ್ಲ.’

ಅವಳು ಕತ್ತರಿ ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ‘ನೀವಾ! ನೀವು ದಪ್ಪಗೆ ಇರ್ತೀರಿ ಅಂದ್ಕೊಂಡಿದ್ದೆ.’

‘ನೀವು ಗಂಡಸು ಅಂದ್ಕೊಂಡಿದ್ದೆ’ ಅಂದುಬಿಟ್ಟ ಅವನು.

‘ಎಲ್ಲರೂ ಗುರು, ಅಣ್ಣ ಅಂತಿದ್ರಿ. ತಿದ್ದೋಕೆ ಹೋಗಲಿಲ್ಲ. ಹೆಂಗಸು ಅಂತ ಗೊತ್ತಾದ್ರೆ ಗ್ಯಾರೇಜಿಗೆ ಕೊಡಿ ಅಕ್ಕ ಅಂತೀರಿ, ಅಷ್ಟೇ ತಾನೆ.’

ಅವಳು ಕುರ್ಚಿ ತೋರಿಸಿದಳು. ಅವನು ಕೂತ, ಎದ್ದ, ಮತ್ತೆ ಕೂತ. ಫೋನು ಕಾರಿನೊಳಗೆ ಬಿದ್ದು ಒಡೆದುಹೋಗಿತ್ತು. ಅವನ ಸಂದೇಶಗಳು ಅವಳಿಗೆ ತಲುಪಿರಲೇ ಇಲ್ಲ. ಅವಳ ತಮ್ಮ ಬಿಟ್ಟುಹೋದ ಕಾರು ಅದು. ಇಂಜಿನ್ ಸತ್ತಿದೆ ಎಂದು ಮೆಕ್ಯಾನಿಕ್ ಒಬ್ಬ ಹೇಳಿದ್ದನಂತೆ. ಹೊಲಿಗೆ ಯಂತ್ರ ಬಿಚ್ಚಿದವಳಿಗೆ ಇದೇನು ಮಹಾ ಎಂದು ಬಿಚ್ಚಿದಳಂತೆ. ಸತ್ತದ್ದು ಇಂಜಿನ್ ಅಲ್ಲ, ಒಂದು ತಂತಿ. ಅಲ್ಲಿಂದ ಮೂರು ವರ್ಷ, ಗುಂಪು ಹೇಳಿಕೊಟ್ಟದ್ದನ್ನೆಲ್ಲ ನೋಡಿ ನೋಡಿ ಒಂದೊಂದೇ ಕಲಿತಳು. ಶಾಲೆಗಳಿಗೆ ಯೂನಿಫಾರಂ ಗಂಟುಗಳನ್ನು ಅದರಲ್ಲೇ ಮುಟ್ಟಿಸುತ್ತಿದ್ದಳು.

‘ಇವತ್ತಿಗೆ ಅದೂ ಮುಗೀತು ಬಿಡಿ’ ಅಂದಳು. ‘ಬೋಲ್ಟ್ ಎಲ್ಲೋ ಸರಿಯಾಗಿ ಬಿಗೀಲಿಲ್ಲ ಅನ್ಸುತ್ತೆ ನಾನು. ಬ್ರೇಕು ಅಂದ್ರೆ ಹುಡುಗಾಟನಾ? ಮಕ್ಕಳ ಮೇಲೆ ಹೋಗಿದ್ರೆ? ಗುಜರಿಯವನಿಗೆ ಹೇಳಿ ಕಳಿಸಿದ್ದೀನಿ, ಬುಧವಾರ ಬರ್ತಾನೆ. ಇನ್ನು ನಾನು ಸ್ಪ್ಯಾನರ್ ಮುಟ್ಟಲ್ಲ.’

ಈಗ ಹೇಳಬೇಕಿತ್ತು. ಬಾಯಿ ತೆರೆದ. ‘ಒಂದು ಸಲ ಗಾಡಿ ನೋಡಲಾ?’ ಎಂಬ ಮಾತು ಬಂತು.

ಜಾಕ್ ಹಾಕಿ, ಒಂದು ಚಕ್ರ ಬಿಚ್ಚಿ ನೋಡಿದ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಗ್ಯಾರೇಜುಗಳಲ್ಲೂ ಕಂಡಿರಲಿಲ್ಲ. ಪಿನ್ನುಗಳಿಗೆ ತೆಳ್ಳಗೆ ಗ್ರೀಸು, ಬೋಲ್ಟುಗಳು ಕಲ್ಲಿನಂತೆ ಬಿಗಿ, ಪ್ಯಾಡು ಎರಡೂ ಬದಿ ಸಮ. ಕಾರಿನೊಳಗೆ ಕೂತು ಪೆಡಲ್ ತುಳಿದ. ಅದು ಯಾವ ತಡೆಯೂ ಇಲ್ಲದೆ ತಳ ಮುಟ್ಟಿತು. ಇವಳ ಕೈಯಲ್ಲಿ ಒಂದು ತಪ್ಪೂ ಇಲ್ಲ. ತಪ್ಪು ಎರಡೇ: ಸವೆದ ಸಿಲಿಂಡರು, ಓದದೆ ಕೊಟ್ಟ ಉತ್ತರ.

‘ಏನಂತೆ?’ ಎಂದಳು ಬಾಗಿಲಲ್ಲಿ ನಿಂತು.

‘ನೋಡ್ಬೇಕು… ಮತ್ತೆ ಬರ್ತೀನಿ’ ಎಂದ. ಹೊರಟೇಬಿಟ್ಟ.

ಭಾನುವಾರ ಇಡೀ ದಿನ ಅವನು ಗ್ಯಾರೇಜಿನಲ್ಲಿದ್ದ. ಟೇಬಲ್ ಫ್ಯಾನು ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ಸ್ಪ್ಯಾನರುಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ತೂಗುಹಾಕಿದ. ಅವಳೇ ತನ್ನ ತಪ್ಪು ಅಂದುಕೊಂಡಿದ್ದಾಳೆ. ಗಾಡಿ ಬುಧವಾರ ಗುಜರಿಗೆ ಹೋದರೆ ಯಾರೂ ಆ ಸಿಲಿಂಡರನ್ನು ಬಿಚ್ಚಿ ನೋಡುವುದಿಲ್ಲ. ಈ ಯೋಚನೆ ಬಂದಾಗ ಒಂದು ಗಳಿಗೆ ಮೈ ಹಗುರಾಯಿತು. ಹಗುರಾಯಿತಲ್ಲ ಎಂದು ಮರುಗಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸಂಜೆ ಹೆಂಡತಿ ಡ್ಯೂಟಿ ಮುಗಿಸಿ ಬಂದಾಗ ಅವನು ಬಚ್ಚಲಲ್ಲಿ ನಲ್ಲಿ ಬಿಚ್ಚುತ್ತಿದ್ದ. ಎರಡು ವರ್ಷದ ನಲ್ಲಿಗೆ ಕೈ ಹಾಕಿದ್ದಾನೆಂದರೆ ಏನೋ ದೊಡ್ಡದೇ ಆಗಿರಬೇಕೆಂದು ಅವಳಿಗೆ ತಿಳಿಯಿತು. ಚೀಲವನ್ನೂ ಕೆಳಗಿಡದೆ ಕೇಳಿದಳು:

‘ಏನ್ ಮಾಡ್ಕೊಂಡ್ರಿ?’

ಅವನು ಎಲ್ಲ ಹೇಳಿದ. ಹೇಳುವಾಗಲೂ ಕೈ ವಾಷರನ್ನು ತಿರುಗಿಸುತ್ತಲೇ ಇತ್ತು. ಅವಳು ಬಯ್ಯುತ್ತಾಳೆ ಅಂದುಕೊಂಡಿದ್ದ. ಅವಳು ಬಚ್ಚಲ ಹೊಸ್ತಿಲ ಮೇಲೆ ಕೂತಳು.

‘ನನ್ನ ಮೊದಲನೇ ವರ್ಷದ ಡ್ಯೂಟೀಲಿ ಒಂದ್ಸಲ ಬೆಡ್ ನಂಬರ್ ಸರಿಯಾಗಿ ನೋಡದೆ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಕೊಟ್ಟಿದ್ದೆ. ಏನೂ ಆಗಲಿಲ್ಲ, ಪುಣ್ಯ. ಹೆಡ್ ನರ್ಸ್ ನನ್ನ ಕರ್ಕೊಂಡು ಹೋಗಿ ಆ ಅಜ್ಜಿ ಎದುರಿಗೆ ನಿಲ್ಲಿಸಿ, ಹೇಳು ಅಂದ್ರು. ಹೇಳಿದೆ.’

‘ನನಗೆ ಯಾವತ್ತೂ ಹೇಳಿಲ್ಲ ನೀನು.’

‘ಹೇಳಬೇಕಾದೋರಿಗೆ ಹೇಳಿದ್ದೆನಲ್ಲ’ ಎಂದು ಎದ್ದಳು. ‘ಆ ವಾಷರ್ ಉಲ್ಟಾ ಹಾಕ್ತಿದ್ದೀರಿ.’

ಸೋಮವಾರ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲೇ ಅವನು ಏರುಬೀದಿ ಹತ್ತಿದ. ಹೊಲಿಗೆಯಮ್ಮ ಬಾಗಿಲು ತೆರೆದ ಕೂಡಲೇ, ಒಳಗೆ ಬನ್ನಿ ಎನ್ನಲೂ ಬಿಡದೆ, ಒಂದೇ ಉಸಿರಿನಲ್ಲಿ ಹೇಳಿದ.

‘ಅಕ್ಕ, ನಿಮ್ಮ ಕೆಲಸದಲ್ಲಿ ಏನೂ ತಪ್ಪಿಲ್ಲ. ಮಾಸ್ಟರ್ ಸಿಲಿಂಡರ್ ಹೋಗಿತ್ತು. ನೀವು ಅದನ್ನ ಸರಿಯಾಗೇ ಬರೆದಿದ್ರಿ. ನಾನು ನಿಮ್ಮ ಮೆಸೇಜು ಪೂರ್ತಿ ಓದ್ಲಿಲ್ಲ. ತುಳೀರಿ ಅಂತ ಹೇಳಿ ಇನ್ನೂ ಹಾಳು ಮಾಡಿಸ್ದೆ. ಮೊನ್ನೆಯೇ ಹೇಳಬೇಕಿತ್ತು. ಧೈರ್ಯ ಬರಲಿಲ್ಲ.’

ಅವಳು ಪ್ಲಾಸ್ಟರಿನ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅವನನ್ನೇ ನೋಡಿದಳು. ಮುಖ ಕೆಂಪಾಗುತ್ತ ಬಂತು.

‘ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗೆ! ಅಷ್ಟುದ್ದ ಬರೆದಿದ್ದೆ. ಅರ್ಥವಾಗ್ಲಿ ಅಂತ ಎರಡು ಸಲ ಬರೆದು ಅಳಿಸಿ ಬರೆದಿದ್ದೆ. ಓದೋಕೆ ಆಗದಿದ್ರೆ ಸುಮ್ನೆ ಇರಬಾರ್ದಿತ್ತೇನ್ರಿ? ನಿಮ್ಮನ್ನ ಉತ್ತರ ಕೊಡಲೇಬೇಕು ಅಂತ ಕಟ್ಟಿಹಾಕಿದ್ರಾ ಯಾರಾದ್ರೂ?’

‘ಇಲ್ಲ.’

‘ಎರಡು ದಿನದಿಂದ ನನ್ನ ಕೈಗೆ ನಾನೇ ಶಾಪ ಹಾಕ್ಕೊಂಡಿದ್ದೀನಿ, ಗೊತ್ತಾ? ಮುರಿದದ್ದಕ್ಕಲ್ಲ. ಕೆಲಸ ಕೆಡಿಸ್ತಲ್ಲ ಅಂತ.’

ಅವನು ತಲೆ ತಗ್ಗಿಸಿ ನಿಂತ. ಆಶ್ಚರ್ಯವೆಂದರೆ ಅವನ ಕೈಕಾಲು ಒಂದೂ ಅಲುಗಲಿಲ್ಲ.

ಅವಳು ಒಳಗೆ ಹೋಗಿ ನೀರು ಕುಡಿದು ಬಂದಳು. ‘ಪೆಡಲ್ ಇಳೀತಿದೆ ಅಂತ ನನಗೂ ಗೊತ್ತಿತ್ತು. ಕಾಲಿಗೆ ಗೊತ್ತಾಗ್ತಿತ್ತು. ಆದ್ರೂ ನನ್ನ ಕಾಲನ್ನ ನಂಬದೆ ನಿಮ್ಮ ಮಾತು ನಂಬ್ದೆ. ಹೇಳಿದ್ದು ನಿಮ್ಮ ತಪ್ಪು, ಕೇಳಿದ್ದು ನನ್ನ ತಪ್ಪು. ಅರ್ಧ ಅರ್ಧ. ಸಿಲಿಂಡರ್ ಹಾಕಿಕೊಡ್ತೀರಾ?’

‘ಹಾಕಿಕೊಡ್ತೀನಿ.’

‘ಅದು ಗಾಡಿದಾಯ್ತು. ಇದು?’ ಎಂದು ಮೇಜು ತೋರಿಸಿದಳು. ಎಂಬತ್ತು ಶರ್ಟು, ಹನ್ನೆರಡು ದಿನದಲ್ಲಿ ಶಾಲೆ ಶುರು. ಹೊಲಿಯಲು ಇಬ್ಬರು ಹೆಂಗಸರು ಬರುತ್ತಾರೆ, ಆದರೆ ಕತ್ತರಿಸುವುದನ್ನು ಅವಳು ಯಾರಿಗೂ ಬಿಟ್ಟವಳಲ್ಲ. ‘ನಿಮ್ಮ ಕೆಲಸ ಏನು? ನಿಜವಾದ ಕೆಲಸ.’

‘ಕನ್ನಡಕದ ಲೆನ್ಸ್ ಉಜ್ಜೋದು.’

‘ಗೆರೆ ದಾಟಿದ್ರೆ?’

‘ಲೆನ್ಸ್ ಕಸದ ಬುಟ್ಟಿಗೆ.’

‘ಹಾಗಾದ್ರೆ ಸಂಜೆ ಆರಕ್ಕೆ ಬನ್ನಿ. ಉಗುರು ಕತ್ತರಿಸ್ಕೊಂಡು ಬನ್ನಿ, ಗ್ರೀಸ್ ತುಂಬ್ಕೊಂಡಿದೆ. ಬಿಳಿ ಬಟ್ಟೆ.’

ಹಾಗೆ ಶುರುವಾಯಿತು. ಸಂಜೆ ಆರರಿಂದ ಎಂಟೂವರೆ, ಭಾನುವಾರ ಪೂರ್ತಿ. ಅವಳು ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಸೊಟ್ಟಸೊಟ್ಟ ಗೆರೆ ಎಳೆಯುವಳು, ಅವನು ಅದನ್ನು ನೇರ ಮಾಡುವನು, ಅವಳು ‘ಹ್ಞೂಂ’ ಅಂದ ಮೇಲೆ ಕತ್ತರಿ ಇಡಬೇಕು. ಮೊದಲ ಸಂಜೆ ಎರಡನೆಯ ಶರ್ಟಿಗೇ ‘ಗೊತ್ತಾಯ್ತು ಬಿಡಿ ಅಕ್ಕ’ ಅಂದ. ಅವಳು ಮಾತು ಮುಗಿಸುವ ಮುನ್ನ ಕತ್ತರಿ ಓಡಿಸಿದ. ಬಟ್ಟೆ ಮಡಿಸುವ ದಿಕ್ಕು ತಪ್ಪಿ, ನಾಲ್ಕು ತೋಳೂ ಎಡಗೈಯವೇ ಆದವು.

‘ಆತುರಗಾರನಿಗೆ ಬುದ್ಧಿ ಮಟ್ಟ’ ಅಂದಳು ಹೊಲಿಗೆಯಮ್ಮ. ಯಂತ್ರದ ಮುಂದೆ ಕೂತಿದ್ದ ಇಬ್ಬರು ಹೆಂಗಸರು ಬಾಯಿಗೆ ಸೆರಗು ಹಿಡಿದರು. ‘ಎರಡೂ ಎಡಗೈ ಇರೋ ಮಕ್ಕಳು ಯಾವ ಸ್ಕೂಲಲ್ಲಿ ಇದ್ದಾರೆ ಹುಡುಕ್ಕೊಂಡು ಬನ್ನಿ ಈಗ.’

ಅವನಿಗೆ ಎದ್ದು ಓಡಿಹೋಗಬೇಕೆನಿಸಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಇನ್ನು ಬರುವುದಿಲ್ಲ ಅಂದುಕೊಂಡ. ಮರುದಿನ ಆರಕ್ಕೆ ಬಂದ. ನಾಲ್ಕನೆಯ ದಿನದ ಹೊತ್ತಿಗೆ, ಅವಳು ಹೇಳಿ ಮುಗಿಸಿದ ಮೇಲೆ ಅವನು ಅದನ್ನೇ ತಿರುಗಿ ಹೇಳಿ, ಅವಳು ‘ಹ್ಞೂಂ’ ಅಂದ ಮೇಲೆಯೇ ಕತ್ತರಿಸುವುದು ರೂಢಿಯಾಯಿತು. ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು. ಮೇಲೆ ಕೈ ನೆಟ್ಟಗೆ ನಡೆಯುತ್ತಿತ್ತು.

ಗುಂಪಿಗೂ ಬರೆದ. ಅದನ್ನು ಬರೆಯಲು ಎರಡು ದಿನ ಹಿಡಿಯಿತು. ತಾನು ಕೊಟ್ಟ ಉತ್ತರ ಯಾವುದು, ಓದದೆ ಬಿಟ್ಟ ಸಾಲು ಯಾವುದು, ಅದರಿಂದ ಏನಾಯಿತು, ಎಲ್ಲವನ್ನೂ ಬರೆದು, ‘ಪೆಡಲ್ ಒತ್ತಿ ಹಿಡಿದಾಗ ಇಳಿದರೆ ಗಾಡಿ ತೆಗೆಯಬೇಡಿ’ ಎಂದು ಮುಗಿಸಿದ. ಒಬ್ಬ ‘ಬಿಡಿ ಡಾಕ್ಟ್ರೇ, ಆಗುತ್ತೆ’ ಅಂದ. ಇನ್ನೊಬ್ಬ ‘ಡಾಕ್ಟ್ರಲ್ಲ, ಯಮಧರ್ಮ’ ಎಂದು ಬರೆದು ನಗುವ ಮುಖ ಹಾಕಿದ. ಕಡೆಗೆ ಬಸ್ ಡ್ರೈವರು ಬರೆದರು: ‘ಮೂವತ್ತು ವರ್ಷ ಬಸ್ಸು ಓಡಿಸಿದ್ದೇನೆ. ಆ ಉತ್ತರಕ್ಕೆ ಹೆಬ್ಬೆಟ್ಟು ಎತ್ತಿದ ಹದಿನೆಂಟು ಜನರಲ್ಲಿ ನಾನೂ ಒಬ್ಬ. ನಾನೂ ಪ್ರಶ್ನೆ ಓದಿರಲಿಲ್ಲ. ಆಯಮ್ಮನಿಗೆ ನನ್ನ ಕ್ಷಮೆ ತಿಳಿಸಿ.’ ಸಂಜೆಯೊಳಗೆ ಉಳಿದ ಹದಿನೇಳು ಹೆಬ್ಬೆಟ್ಟುಗಳಲ್ಲಿ ಆರು ಕಾಣೆಯಾಗಿದ್ದವು. ಹಿಂದಕ್ಕೆ ತೆಗೆದುಕೊಂಡಿದ್ದರು.

ಚಡಪಡಿ ಅದನ್ನು ಹೊಲಿಗೆಯಮ್ಮನಿಗೆ ಓದಿ ಹೇಳಿದ. ಹೊಸ ಫೋನು ಕೊಳ್ಳುವ ಆತುರವೇನೂ ಅವಳಿಗೆ ಇರಲಿಲ್ಲ. ‘ಯಮಧರ್ಮ ಅಂದವನು ಯಾರು? ಅವನಿಗೆ ಸ್ವಲ್ಪ ತಲೆ ಇದೆ’ ಅಂದಳು, ಅಷ್ಟೇ.

ಹೊಸ ಸಿಲಿಂಡರು ಬಂದದ್ದು ಆರನೆಯ ದಿನ, ಶನಿವಾರ. ಗುಜರಿಯವನನ್ನು ಅವಳು ಬಾಗಿಲಿನಿಂದಲೇ ವಾಪಸು ಕಳಿಸಿದ್ದಳು. ಭಾನುವಾರ ಬೆಳಿಗ್ಗೆ ಬಟ್ಟೆ ಬದಿಗಿಟ್ಟು ಇಬ್ಬರೂ ಕಾರಿನ ಕೆಲಸಕ್ಕೆ ಕೂತರು. ಹಳೆಯದನ್ನು ಬಿಚ್ಚಿ ಅವಳ ಎಡ ಅಂಗೈಗೆ ಇಟ್ಟ. ಅವಳು ಬೆರಳು ಹಾಕಿ ಒಳಗೋಡೆ ಸವರಿ, ಒರಟು ಎಲ್ಲಿದೆ ಎಂದು ಅವನಿಗಿಂತ ಮೊದಲೇ ಹೇಳಿದಳು. ಎಣ್ಣೆಯ ಕೊಳವೆಯಿಂದ ಗಾಳಿ ತೆಗೆಯುವಾಗ ಪೆಡಲ್ ತುಳಿಯುವ ಕೆಲಸ ಅವಳದು. ಅವನು ಕೆಳಗೆ ಮಲಗಿ ‘ಒತ್ತಿ’ ಅಂದರೆ ‘ಒತ್ತಿದೆ’ ಅನ್ನುವಳು, ‘ಬಿಡಿ’ ಅಂದರೆ ‘ಬಿಟ್ಟೆ’ ಅನ್ನುವಳು. ಎಲ್ಲ ಮುಗಿದ ಮೇಲೆ ಪೆಡಲ್ ಒತ್ತಿ ಹಿಡಿದು ಗಟ್ಟಿಯಾಗಿ ನೂರರವರೆಗೆ ಎಣಿಸಿದಳು. ಎಣಿಕೆ ಐವತ್ತು ದಾಟುವಷ್ಟರಲ್ಲಿ ಅವನು ಎರಡು ಸಲ ಕಿಟಕಿಗೆ ಬಂದು ಹೋದ.

‘ನೂರು’ ಅಂದಳು. ‘ಕೂದಲಷ್ಟೂ ಇಳೀಲಿಲ್ಲ. ನೀವೂ ಎಣಿಸಿ ನೋಡಿ. ನನ್ನ ಮಾತು ನಂಬಬೇಡಿ.’

ಅವನು ಕೂತು ಎಣಿಸಿದ. ನಡುವೆ ಲೆಕ್ಕ ತಪ್ಪಿ ಮೊದಲಿನಿಂದ ಎಣಿಸಿದ.

ಶಾಲೆ ಶುರುವಾಗುವ ಹಿಂದಿನ ದಿನ ಎಂಬತ್ತು ಶರ್ಟಿನ ಗಂಟುಗಳನ್ನು ಹಿಂದಿನ ಸೀಟಿಗೆ ತುಂಬಿದರು. ಅವಳ ಪ್ಲಾಸ್ಟರು ಬಿಚ್ಚಲು ಇನ್ನೂ ತಿಂಗಳಿತ್ತು. ಹೀಗಾಗಿ ಓಡಿಸುವವನು ಅವನೇ. ಏರುಬೀದಿಯ ತಲೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಕೆಳಗೆ ನೋಡಿದ. ಕೆಳಗಡೆ ರಸ್ತೆ ತುಂಬ ಜನ, ಸೈಕಲ್ಲು, ತಳ್ಳುಗಾಡಿ.

‘ಹೋಗಿ’ ಅಂದಳು.

‘ಒಂದ್ಸಲ ಇಳಿದು ನೋಡಿ ಬರಲಾ? ಎಣ್ಣೆ ಏನಾದ್ರೂ…’

‘ಮೂರು ಸಲ ನೋಡಿದ್ದೀರಿ. ನಾನು ಎರಡು ಸಲ ನೋಡಿದ್ದೀನಿ. ಗೇರ್ ಹಾಕಿ.’

ಗಾಡಿ ಇಳಿಯಿತು. ಮೊದಲ ತಿರುವಿಗೆ ಮುಂಚೆ ಅವನು ಬ್ರೇಕ್ ಒತ್ತಿದ, ಹಿಡಿಯಿತು. ಎರಡು ಗಜ ಹೋಗಿ ಮತ್ತೆ ಒತ್ತಿದ, ಹಿಡಿಯಿತು. ಬೀದಿಯುದ್ದಕ್ಕೂ ಹೀಗೆ ತಡವರಿಸುತ್ತ, ಹಿಂದಿನವರು ಹಾರನ್ ಬಾರಿಸುತ್ತಿದ್ದರೂ ಲೆಕ್ಕಿಸದೆ ಇಳಿದ. ಕೆಳಗೆ ಮುಟ್ಟಿದಾಗ ಶರ್ಟು ಬೆನ್ನಿಗೆ ಅಂಟಿತ್ತು.

‘ಮದುವೆ ಮೆರವಣಿಗೆ ಇದಕ್ಕಿಂತ ಬೇಗ ಹೋಗುತ್ತೆ’ ಅಂದಳು ಅವಳು. ಆದರೆ ಅವಳ ಬಲಗಾಲೂ ನೆಲವನ್ನು ಒತ್ತಿ ಹಿಡಿದಿದ್ದನ್ನು ಅವನು ನೋಡಿದ. ನೋಡಿದ್ದನ್ನು ಹೇಳಲಿಲ್ಲ.

ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ನಾಲ್ಕು ಶರ್ಟು ಬಿಡಿಸಿ, ಭುಜ ಸೇರಿಸಿ ಹಿಡಿದು ನೋಡಿ ‘ಈ ಸಲ ಕಟಿಂಗ್ ಬಹಳ ನೇರವಾಗಿದೆ’ ಅಂದರು. ಹೊಲಿಗೆಯಮ್ಮ ಬೇರೆಡೆ ನೋಡುತ್ತ ‘ಹೌದಾ? ನನಗೇನೂ ಹಾಗನ್ನಿಸಲಿಲ್ಲ’ ಅಂದಳು.

ಈಗ ಗುಂಪಿನಲ್ಲಿ ಅವನನ್ನು ಡಾಕ್ಟ್ರು ಅನ್ನುವವರು ಕಡಿಮೆ. ಯಾರಾದರೂ ಕೇಳಿದರೆ ಅವನು ಉತ್ತರದ ಬದಲು ಪ್ರಶ್ನೆ ಕಳಿಸುತ್ತಾನೆ: ಯಾವಾಗಿನಿಂದ? ಬಿಸಿಯಾದಾಗಲೋ, ತಣ್ಣಗಿದ್ದಾಗಲೋ? ಒತ್ತಿ ಹಿಡಿದರೆ ಏನಾಗುತ್ತದೆ? ಕೆಲವರಿಗೆ ಇದು ಬೇಸರ. ‘ಮೊದಲು ಚೆನ್ನಾಗಿ ಹೇಳ್ತಿದ್ರಿ ಸಾರ್’ ಎಂದು ಗೊಣಗುತ್ತಾರೆ. ಬ್ರೇಕಿನ ಪ್ರಶ್ನೆ ಬಂದರೆ ಅವನು ಬಾಯಿ ಬಿಡುವುದಿಲ್ಲ, ಹಳೇನೀಲಿಯನ್ನು ಕೇಳಿ ಅನ್ನುತ್ತಾನೆ. ಕೈ ಕೂಡಿದ ಮೇಲೆ ಅವಳು ಹೊಸ ಫೋನು ಕೊಂಡಿದ್ದಾಳೆ. ಅವಳ ಉತ್ತರ ಒಂದೊಂದು ಸಲ ಎರಡು ದಿನ ತಡವಾಗಿ ಬರುತ್ತದೆ. ಅಲ್ಲಿಯವರೆಗೆ ಗಾಡಿ ತೆಗೆಯಬಾರದೆಂದು ಎಲ್ಲರಿಗೂ ಗೊತ್ತು.

ಚಡಪಡಿಕೆ ಹೋಯಿತೇ ಎಂದರೆ, ಇಲ್ಲ. ಹುಟ್ಟುಗುಣ ಅದು. ಒಂದು ಪ್ರಶ್ನೆ ಬಂದು ಅದಕ್ಕೆ ತಾನು ಉತ್ತರ ಕೊಡದೆ ಕೂತ ದಿನ ಅವನು ಗ್ಯಾರೇಜಿನಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಗೇಟಿಗೆ ಓಡಾಡುತ್ತಾನೆ. ‘ಒಂದು ಕಡೆ ಕೂತ್ಕೊಳ್ರೀ, ತಲೆ ತಿರುಗುತ್ತೆ ನಿಮ್ಮನ್ನ ನೋಡಿದ್ರೆ’ ಅನ್ನುತ್ತಾಳೆ ಹೆಂಡತಿ. ಹೋದ ವಾರ ಯಾರೋ, ಮನೆಯ ಸ್ವಿಚ್ಚಿನ ಹತ್ತಿರ ಸುಟ್ಟ ವಾಸನೆ ಬರುತ್ತಿದೆ, ಏನು ಮಾಡಲಿ ಎಂದು ಬರೆದಿದ್ದರು. ಅವನು ಪೂರ್ತಿ ಓದಿದ, ಎರಡನೆಯ ಸಲ ಓದಿದ. ಮೇನ್ ಆಫ್ ಮಾಡಿ ಎಂದಷ್ಟೇ ಬರೆದು, ಅವರ ಮನೆ ಎಲ್ಲಿ ಎಂದು ಕೇಳಿದ. ಎರಡು ಬೀದಿ ಆಚೆ. ಟೆಸ್ಟರನ್ನು ಜೇಬಿಗೆ ಹಾಕಿಕೊಂಡು, ಚಪ್ಪಲಿಯನ್ನು ಅದಲುಬದಲು ಮೆಟ್ಟಿಕೊಂಡೇ ಓಡಿದ.